ಐವತ್ತೇ ಪದಗಳ ಪುಸ್ತಕ: 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್' ಮಗು ಜೊತೆ ಓದೋದು ಹೇಗೆ

ಮನೇಲಿ ಮಾತೆಲ್ಲಾ ಕನ್ನಡ, ಸ್ಕೂಲಲ್ಲಿ ಇಂಗ್ಲಿಷು, ಮಗೂಗೆ ಎಬಿಸಿಡಿ ಪೂರ್ತಿ ಬರತ್ತೆ, ನಾಲ್ಕಾರು ಸ್ಪೆಲ್ಲಿಂಗೂ ಗಿಣಿ ಥರ ಒಪ್ಪಿಸತ್ತೆ, ಆದ್ರೆ ಒಂದು ಪುಸ್ತಕ ಕೈಗೆ ಕೊಟ್ಟು ಓದು ಪುಟ್ಟಾ ಅಂದ್ರೆ ಚಿತ್ರ ನೋಡಿ, ಪುಟ ತಿರುವಿ ಎದ್ದು ಹೋಗತ್ತೆ. ಈ ಹಂತದಲ್ಲಿರೋ ಮಕ್ಕಳ ಅಪ್ಪ ಅಮ್ಮ, ಅಜ್ಜಿ ತಾತ, ಚಿಕ್ಕಮ್ಮ ಸೋದರಮಾವ ಯಾರೇ ಇರ್ಲಿ, ಅವರಿಗೋಸ್ಕರ ಇದು ಬರೀತಿರೋದು. ಹೇಳೋದು ಒಂದೇ ಪುಸ್ತಕದ ಬಗ್ಗೆ, ಡಾಕ್ಟರ್ ಸ್ಯೂಸ್ ಬರೆದ 'ಗ್ರೀನ್ ಎಗ್ಸ್ ಅಂಡ್ ಹ್ಯಾಮ್'. ಸ್ಯಾಮ್ ಅನ್ನೋನು ಹಸಿರು ಮೊಟ್ಟೆ, ಮಾಂಸ ತಿನ್ನು ಅಂತ ಒಬ್ಬ ಸಿಡುಕುಮೋರೆ ಟೋಪಿಯವನ ಹಿಂದೆ ಬೀಳ್ತಾನೆ, ಅವನು ಯಾವ ಜಾಗದಲ್ಲೂ ಬೇಡ ಅಂತಾನೆ, ಇಷ್ಟೇ ಕಥೆ. ಹತ್ತು ಪುಸ್ತಕ ತಂದು ಒಂದೊಂದನ್ನೂ ಒಂದೊಂದ್ಸಲ ಓದಿಸೋದಕ್ಕಿಂತ ಇದೊಂದನ್ನೇ ಬೈಂಡಿಂಗ್ ಕಿತ್ತು ಹೋಗೋವರೆಗೂ ಓದೋದು ಮೇಲು ಅಂತ ನನಗನ್ನಿಸತ್ತೆ.

ಯಾಕೆ ಇದೇ ಪುಸ್ತಕ

1950ರ ದಶಕದಲ್ಲಿ ಅಮೆರಿಕದ ಶಾಲೆಗಳಲ್ಲಿ ಓದು ಕಲಿಸೋಕೆ 'ಡಿಕ್ ಅಂಡ್ ಜೇನ್' ಅಂತ ಪಠ್ಯಗಳಿದ್ವು, ನೋಡು ನೋಡು, ಓಡು ಓಡು ಅನ್ನೋ ಥರದ ಸಪ್ಪೆ ವಾಕ್ಯಗಳು, ಕಥೆ ಅಂತ ಏನೂ ಇರ್ತಿರ್ಲಿಲ್ಲ. 1954ರಲ್ಲಿ ಜಾನ್ ಹರ್ಸಿ ಅನ್ನೋ ಲೇಖಕ 'ಲೈಫ್' ಪತ್ರಿಕೇಲಿ ಇದನ್ನ ಚೆನ್ನಾಗಿ ಝಾಡಿಸಿ, ಮಕ್ಕಳು ಓದೋದರಲ್ಲಿ ಹಿಂದೆ ಬೀಳೋಕೆ ಈ ಬೋರು ಪುಸ್ತಕಗಳೂ ಕಾರಣ, ಡಾಕ್ಟರ್ ಸ್ಯೂಸ್ ಥರದವರ ಕೈಲಿ ಚಿತ್ರ ಬರೆಸಬಾರದಾ ಅಂತ ಕೇಳಿದ್ರು. ಸ್ಯೂಸ್ ಅಂದ್ರೆ ಥಿಯೊಡೋರ್ ಸ್ಯೂಸ್ ಗೈಸೆಲ್, 1904ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡಲ್ಲಿ ಹುಟ್ಟಿದವರು, ಡಾಕ್ಟರ್ ಅನ್ನೋದು ಅವರೇ ಇಟ್ಕೊಂಡಿದ್ದು ಅಷ್ಟೇ. ಆಮೇಲೆ ಪ್ರಕಾಶನದವರೊಬ್ರು ಅವರಿಗೆ ಪದಗಳ ಪಟ್ಟಿ ಕೊಟ್ಟು ಇಷ್ಟರಲ್ಲೇ ಒಂದು ಕಥೆ ಮಾಡಿ ಕೊಡಿ ಅಂದ್ರು, ಅದೇ 1957ರಲ್ಲಿ ಬಂದ 'ದ ಕ್ಯಾಟ್ ಇನ್ ದ ಹ್ಯಾಟ್', ಅದರಲ್ಲಿ ಬೇರೆ ಬೇರೆ ಪದಗಳು ಒಟ್ಟು 236. ಅದು ಸಿಕ್ಕಾಪಟ್ಟೆ ಓಡ್ತು. ಆಗ ರ‍್ಯಾಂಡಮ್ ಹೌಸ್ ಪ್ರಕಾಶನದ ಬೆನೆಟ್ ಸೆರ್ಫ್, ಬರೀ ಐವತ್ತು ಪದದಲ್ಲಿ ಬರಿ ನೋಡೋಣ ಅಂತ ಐವತ್ತು ಡಾಲರ್ ಪಂದ್ಯ ಕಟ್ಟಿದ್ರು. 1960ರ ಆಗಸ್ಟಲ್ಲಿ ಪುಸ್ತಕ ಬಂತು, ಪಂದ್ಯದ ದುಡ್ಡು ಮಾತ್ರ ಬರ್ಲಿಲ್ಲ ಅನ್ನೋ ಮಾತಿದೆ.

ಈ ಕಥೆ ಯಾಕೆ ಹೇಳಿದೆ ಅಂದ್ರೆ, ಆ ಪಂದ್ಯದಿಂದಾನೇ ಈ ಪುಸ್ತಕ ನಮ್ಮ ಕೆಲಸಕ್ಕೆ ಬರೋ ಹಾಗಾಗಿದ್ದು. ಅರವತ್ತಕ್ಕೂ ಜಾಸ್ತಿ ಪುಟ, ಆದ್ರೆ ಬೇರೆ ಬೇರೆ ಪದಗಳು ಐವತ್ತೇ, ಅದರಲ್ಲಿ ನಲವತ್ತೊಂಬತ್ತು ಒಂದೇ ಉಸಿರಿಗೆ ಮುಗಿಯೋ ಪುಟಾಣಿ ಪದಗಳು, ಉದ್ದದ್ದು ಅಂದ್ರೆ 'ಎನಿವೇರ್' ಒಂದೇ. ಅಂದ್ರೆ ಮಗು ಐದನೇ ಪುಟದಲ್ಲಿ ಕಲಿತ ಪದ ಹತ್ತನೇ ಪುಟದಲ್ಲಿ, ಹದಿನೈದನೇ ಪುಟದಲ್ಲಿ, ಮತ್ತೆ ಕೊನೇಲಿ ಸಿಗ್ತಾನೇ ಇರತ್ತೆ, ಬೇಡ ಅಂದ್ರೂ ಬಿಡಲ್ಲ. ಸಾಲು ಮುಗಿಯೋ ಕಡೆ ಪ್ರಾಸ ಇರೋದ್ರಿಂದ ಮುಂದೆ ಏನು ಬರಬಹುದು ಅಂತ ಮಗೂಗೆ ಮೊದಲೇ ಕಿವೀಲಿ ಗೊತ್ತಾಗತ್ತೆ. ಹೊಸ ಓದುಗರಿಗೆ ಬೇಕಿರೋದು ಇದೇ, ಊಹೆ ಮಾಡಿದಾಗ ಸರಿಯಾಗೋದು. ಹಾಗಾಗಿ ದೊಡ್ಡವರ ಕೆಲಸ ಅಂದ್ರೆ ಸರಿಯಾದ ಜಾಗದಲ್ಲಿ ಬಾಯಿ ಮುಚ್ಕೊಂಡು ಕೂರೋದು. ಕೇಳೋಕೆ ಸುಲಭ, ಮಾಡೋಕೆ ಕಷ್ಟ.

ಪುಸ್ತಕ ತರೋದು

ಪೂರ್ತಿ ಪುಸ್ತಕಾನೇ ತಗೊಳ್ಳಿ. ಇದೇ ಪಾತ್ರ ಇಟ್ಕೊಂಡು ಮಾಡಿದ ಬೇರೆ ಪುಸ್ತಕ, ಸ್ಟಿಕರು ಪುಸ್ತಕ, ಬಣ್ಣ ತುಂಬೋ ಪುಸ್ತಕ ಎಲ್ಲಾ ಆನ್‌ಲೈನಲ್ಲಿ ಸಿಗತ್ತೆ, ಅವೆಲ್ಲ ಆಮೇಲೆ ನೋಡ್ಕೊಳಿ. 2019ರಲ್ಲಿ ನೆಟ್‌ಫ್ಲಿಕ್ಸಲ್ಲಿ ಇದರದ್ದೇ ಸೀರೀಸ್ ಬಂತು, ಪುಸ್ತಕದಲ್ಲಿ ಹೆಸರೇ ಇಲ್ದೇ ಇರೋ ಸಿಡುಕುಮೋರೆಯವನಿಗೆ ಅಲ್ಲಿ ಗೈ-ಆಮ್-ಐ ಅಂತ ಹೆಸರಿಟ್ಟಿದಾರೆ, ಕಥೆ ಬೇರೆ ಬೆಳೆಸಿದಾರೆ, ನೋಡಬೇಡಿ ಅಂತಲ್ಲ, ಓದೋದಾದ್ಮೇಲೆ ನೋಡಿದ್ರೆ ಒಳ್ಳೇದು. ಹಳೇ ಪುಸ್ತಕ ತಗೊಳೋದಾದ್ರೆ, ಬೆಂಗಳೂರಲ್ಲಿರೋರು ಚರ್ಚ್ ಸ್ಟ್ರೀಟ್ ಕಡೆ ಹೋದಾಗ ಹುಡುಕಿ, ಆದ್ರೆ ಮಧ್ಯದ ಪುಟಗಳು ಇವೆಯಾ ಅಂತ ಎಣಿಸ್ಕೊಳಿ, ಮಕ್ಕಳ ಪುಸ್ತಕದಲ್ಲಿ ಒಂದೆರಡು ಹಾಳೆ ಹಾರಿ ಹೋಗಿರೋದು ಮಾಮೂಲಿ, ಇದರಲ್ಲಿ ಒಂದು ಹಾಳೆ ಹೋದ್ರೂ ಲೆಕ್ಕ ತಪ್ಪತ್ತೆ, ಯಾಕಂದ್ರೆ ಹಿಂದೆ ಬಂದ ಜಾಗಗಳ ಪಟ್ಟಿ ಮುಂದೆ ಬೆಳೀತಾ ಹೋಗತ್ತೆ. ಮೊಬೈಲಲ್ಲಿ ಪಿಡಿಎಫ್ ಬೇಡ. ಬೆರಳಿಟ್ಟು ಓದಬೇಕು, ಸ್ಕ್ರೀನ್ ಮೇಲೆ ಬೆರಳಿಟ್ರೆ ಪುಟ ಓಡಿ ಹೋಗತ್ತೆ.

2021ರಲ್ಲಿ ಸ್ಯೂಸ್ ಅವರ ಆರು ಪುಸ್ತಕ, ಕೆಲವು ಜನಾಂಗದವರನ್ನ ಕೆಟ್ಟದಾಗಿ ಚಿತ್ರಿಸಿದೆ ಅನ್ನೋ ಕಾರಣಕ್ಕೆ, ಮತ್ತೆ ಅಚ್ಚು ಹಾಕಲ್ಲ ಅಂತ ಅವರ ಸಂಸ್ಥೆಯವರೇ ನಿಲ್ಲಿಸಿದ್ರು. ಆ ಆರರಲ್ಲಿ ಇದು ಇಲ್ಲ.

ಮೊದಲು ನೀವೊಬ್ರೇ ಓದಿ

ಮಗು ಮಲಗಿದ ಮೇಲೆ ಒಂದ್ಸಲ ಜೋರಾಗಿ ಓದ್ಕೊಳಿ. ನಾವು ಇಂಗ್ಲಿಷ್ ಪದ್ಯನ ಪ್ರತಿ ಪದಕ್ಕೂ ಒಂದೇ ತೂಕ ಕೊಟ್ಟು ಓದ್ತೀವಿ, ಆಗ ಇದು ಪದ್ಯ ಅಂತಾನೇ ಗೊತ್ತಾಗಲ್ಲ, ರೇಷನ್ ಪಟ್ಟಿ ಓದಿದ ಹಾಗಿರತ್ತೆ. ಕನ್ನಡದಲ್ಲಿ ನಾವು ಮಾತ್ರೆ ಲೆಕ್ಕ ಹಾಕ್ತೀವಿ, ಲಘು ಗುರು ಅಂತ, ಇಂಗ್ಲಿಷಲ್ಲಿ ಒತ್ತು ಎಲ್ಲಿ ಬೀಳತ್ತೆ ಅನ್ನೋದರ ಮೇಲೆ ಓಟ ನಿಂತಿರತ್ತೆ. ಇದರಲ್ಲಿ ಹೆಚ್ಚುಕಮ್ಮಿ ಎಲ್ಲಾ ಸಾಲಿಗೂ ನಾಲ್ಕು ಏಟು. ತೊಡೆ ಮೇಲೆ ತಟ್ಕೊಂಡು ನೋಡಿ: ಐ 'ಡು' ನಾಟ್ 'ಲೈಕ್' ದೆಮ್ 'ಸ್ಯಾಮ್' ಐ 'ಆಮ್'. ನಾಲ್ಕು ಕಡೆ ಜೋರು, ಉಳಿದಿದ್ದು ಮೆತ್ತಗೆ. ನಾಲ್ಕು ಪುಟ ಹೀಗೆ ತಟ್ಟಿದ್ರೆ ಆಮೇಲೆ ಪುಸ್ತಕಾನೇ ನಿಮ್ಮನ್ನ ಎಳ್ಕೊಂಡು ಹೋಗತ್ತೆ.

ಆಕ್ಸೆಂಟ್ ಬಗ್ಗೆ ತಲೆ ಕೆಡಿಸ್ಕೋಬೇಡಿ. ನಂಗೆ ಇಂಗ್ಲಿಷ್ ಸರಿಯಾಗಿ ಬರಲ್ಲ, ನಾನು ಓದಿದ್ರೆ ಮಗು ತಪ್ಪು ಕಲಿಯತ್ತೆ ಅಂತ ಎಷ್ಟೋ ಅಮ್ಮಂದಿರು ಪುಸ್ತಕ ಮುಟ್ಟೋದೇ ಇಲ್ಲ, ಯೂಟ್ಯೂಬ್ ಹಾಕಿ ಕೊಟ್ಬಿಡ್ತಾರೆ. ಯೂಟ್ಯೂಬು ಮಗು ತಡವರಿಸಿದಾಗ ಕಾಯಲ್ಲ ಕಣ್ರೀ. ಮೈಸೂರಿನ ಇಂಗ್ಲಿಷಲ್ಲೋ ಕಲಬುರಗಿ ಇಂಗ್ಲಿಷಲ್ಲೋ ಓದಿ, ಏನೂ ಆಗಲ್ಲ. ಎರಡು ವಿಷಯ ಮಾತ್ರ ಗಮನದಲ್ಲಿರ್ಲಿ. ಒಂದು, ನಮ್ಮ ನಾಲಗೆ ಪದದ ಕೊನೆಗೆ ಒಂದು ಉ ಸೇರಿಸತ್ತೆ, ಬಾಕ್ಸು, ಟ್ರೈನು, ಬೋಟು ಅಂತ. ಮಾತಲ್ಲಿ ಪರವಾಗಿಲ್ಲ, ಇಲ್ಲಿ ಸೇರಿಸಿದ್ರೆ ಏಟಿನ ಲೆಕ್ಕ ಒಂದು ಜಾಸ್ತಿಯಾಗಿ ಸಾಲು ಕುಂಟತ್ತೆ, ಮಗೂನೂ ಅಲ್ಲಿಲ್ಲದ ಅಕ್ಷರ ಹುಡುಕತ್ತೆ. ಇನ್ನೊಂದು ಹಕಾರ. ಹಾಲನ್ನ ಆಲು ಅನ್ನೋ ಕಡೆಯವರಾದ್ರೆ ಹ್ಯಾಮ್ ಮತ್ತೆ ಆಮ್ ಎರಡೂ ಒಂದೇ ಆಗ್ಬಿಡತ್ತೆ, ಇಡೀ ಪುಸ್ತಕ ನಿಂತಿರೋದೇ ಸ್ಯಾಮ್, ಆಮ್, ಹ್ಯಾಮ್ ಈ ಮೂರರ ಮೇಲೆ. ಅಂಗೈ ಬಾಯಿ ಮುಂದೆ ಇಟ್ಕೊಂಡು ಹ್ಯಾಮ್ ಅನ್ನಿ, ಗಾಳಿ ತಾಗ್ಬೇಕು. ಮಕ್ಕಳಿಗೆ ಈ ಆಟ ತುಂಬಾ ಇಷ್ಟ ಆಗತ್ತೆ.

ಮೊದಲ ದಿನ: ನಿಲ್ಲಿಸದೇ ಓದಿ ಮುಗಿಸಿ

ಮೊದಲ ಸಲ ನೀವೇ ಓದಿ, ಮೊದಲ ಪುಟದಿಂದ ಕೊನೇವರೆಗೂ, ಮಧ್ಯ ಮಧ್ಯ ಅರ್ಥ ಹೇಳ್ಬೇಡಿ. ಇದು ನಮಗೆ ದೊಡ್ಡ ಚಾಳಿ. ಒಂದು ಸಾಲು ಓದೋದು, 'ಅಂದ್ರೆ ಏನಪ್ಪಾ, ನನಗೆ ಇಷ್ಟ ಇಲ್ಲ ಅಂತ' ಅನ್ನೋದು, ಇನ್ನೊಂದು ಸಾಲು, ಮತ್ತೆ ಭಾಷಾಂತರ. ಹಾಗೆ ಮಾಡಿದ್ರೆ ತಾಳ ಹೋಗತ್ತೆ, ತಾಳ ಹೋದ್ರೆ ಪ್ರಾಸ ಕೇಳ್ಸಲ್ಲ, ಪ್ರಾಸ ಕೇಳ್ಸದೇ ಇದ್ರೆ ಈ ಪುಸ್ತಕ ತಂದು ಏನು ಬಂತು. ಶುರು ಮಾಡೋ ಮುಂಚೆ ಕನ್ನಡದಲ್ಲಿ ಒಂದೇ ಮಾತು ಹೇಳಿ: ಇವನು ಸ್ಯಾಮು, ಹಸಿರು ಮೊಟ್ಟೆ ಮತ್ತೆ ಮಾಂಸ ತಟ್ಟೇಲಿಟ್ಕೊಂಡು ತಿನ್ನು ತಿನ್ನು ಅಂತ ಆ ಟೋಪಿಯವನ ಹಿಂದೆ ಬೀಳ್ತಾನೆ, ಅವನು ಬೇಡ ಬೇಡ ಅಂತಾನೆ. ಅಷ್ಟು ಸಾಕು. ಉಳಿದಿದ್ದು ಚಿತ್ರ ಹೇಳತ್ತೆ.

ಚಿತ್ರ ನಿಜವಾಗ್ಲೂ ಹೇಳತ್ತೆ. ಶುರುವಲ್ಲೇ ಟೋಪಿಯವನು ಕುರ್ಚಿ ಮೇಲೆ ಪೇಪರ್ ಓದ್ತಾ ಕೂತಿದ್ರೆ ಸ್ಯಾಮ್ ತನ್ನ ಹೆಸರಿನ ಬೋರ್ಡ್ ಹಿಡ್ಕೊಂಡು ಅವನ ಮುಂದೇನೇ ಹಾದು ಹೋಗ್ತಾನೆ. ಆಮೇಲೆ ಮನೆ, ಡಬ್ಬ, ಕಾರು, ಮರ, ರೈಲು, ಕತ್ತಲೆ ಸುರಂಗ, ಮಳೆ, ಕೊನೆಗೆ ದೋಣಿ, ಒಂದಕ್ಕೊಂದು ಸೇರ್ತಾ ಹೋಗತ್ತೆ. ಕಾರು ಮರದ ಮೇಲೆ, ಮರದಿಂದ ರೈಲಿನ ಮೇಲೆ, ರೈಲು ಹಳಿ ಬಿಟ್ಟು ದೋಣಿ ಮೇಲೆ, ಇಷ್ಟಾದ್ರೂ ಸ್ಯಾಮ್ ಕೈಲಿರೋ ತಟ್ಟೆ ಮಾತ್ರ ಉರುಳಲ್ಲ. ಮಗು ಆ ತಟ್ಟೆ ಎಲ್ಲಿದೆ ಅಂತ ಪುಟ ಪುಟದಲ್ಲೂ ಹುಡುಕೋಕೆ ಶುರು ಮಾಡಿದ್ರೆ ಬಿಡಿ, ಹುಡುಕ್ಲಿ.

ಹ್ಯಾಮ್ ಅಂದ್ರೆ ಏನು ಅಂತ ಕೇಳೇ ಕೇಳತ್ತೆ. ಹಂದಿ ತೊಡೆ ಮಾಂಸಕ್ಕೆ ಉಪ್ಪು ಹಾಕಿ ಅಥವಾ ಹೊಗೆ ಕೊಟ್ಟು ಇಡೋದು, ಅಲ್ಲಿಯವರು ಮೊಟ್ಟೆ ಜೊತೆ ತಿಂಡಿಗೆ ತಿಂತಾರೆ ಅಂತ ಸೀದಾ ಹೇಳಿ. ಸಸ್ಯಾಹಾರಿ ಮನೇಲಿ ಕೆಲವರು ಹ್ಯಾಮನ್ನ ಜ್ಯಾಮ್ ಮಾಡಿ ಓದ್ತಾರೆ, ಪ್ರಾಸ ಏನೋ ಕೂಡತ್ತೆ, ಆದ್ರೆ ಮಗು ಕಣ್ಣಿಗೆ ಎಚ್ ಕಾಣ್ತಿರತ್ತೆ ಕಿವಿಗೆ ಜ ಕೇಳ್ತಿರತ್ತೆ. ಓದು ಕಲಿಸೋಕೆ ಅಂತಾನೇ ಕೂತು ಇಂಥ ಕೆಲಸ ಮಾಡಬಾರದು.

ಎರಡನೇ ಸಲದಿಂದ: ಕೊನೇ ಪದ ನುಂಗಿ

ಇದೇ ಮುಖ್ಯ. ಬೆರಳನ್ನ ಪದದ ಕೆಳಗೆ ಜಾರಿಸ್ತಾ ಓದಿ, ಸಾಲಿನ ಕೊನೇ ಪದದ ಹತ್ರ ಬೆರಳು ನಿಲ್ಲಿಸಿ ಬಾಯಿ ಮುಚ್ಚಿ. ಮಗು ಹೇಳತ್ತೆ. ಹೇಳದೇ ಇದ್ರೆ ಮನಸ್ಸಲ್ಲೇ ನಿಧಾನಕ್ಕೆ ಐದು ಎಣಿಸಿ, ಆಗ್ಲೂ ಬರ್ಲಿಲ್ಲ ಅಂದ್ರೆ ಏನೂ ಆಗದವರ ಥರ ನೀವೇ ಹೇಳಿ ಮುಂದೆ ಹೋಗಿ, ಹುಬ್ಬು ಏರಿಸೋದು, 'ನಿನ್ನೆ ತಾನೇ ಹೇಳಿಕೊಟ್ಟೆ' ಅನ್ನೋದು ಎಲ್ಲಾ ಬೇಡ.

ಎಲ್ಲಾ ಕಡೆ ಒಟ್ಟಿಗೆ ನುಂಗಬೇಡಿ. ಮೊದಲು ಬಾಕ್ಸ್ ಓದಿ ಫಾಕ್ಸ್ ಬಿಡಿ, ಅಲ್ಲಿ ನರಿ ಚಿತ್ರಾನೂ ಇದೆ, ತಪ್ಪೋಕೆ ಚಾನ್ಸ್ ಕಮ್ಮಿ. ಹೌಸ್-ಮೌಸ್ ಕೂಡ ಹಾಗೇ. ಇವೆರಡು ಗಟ್ಟಿ ಆದ್ಮೇಲೆ ಟ್ರೈನ್-ರೈನ್, ಗೋಟ್-ಬೋಟ್. ಮೇಕೆ ಚಿತ್ರ ನೋಡಿ ಮಗು 'ಶೀಪ್' ಅಂದ್ರೆ ತಪ್ಪು ಅನ್ಬೇಡಿ, ಬೋಟ್ ಜೊತೆ ಶೀಪ್ ಸೇರತ್ತಾ ಕೇಳು ಅನ್ನಿ, ಎರಡನ್ನೂ ಒಟ್ಟಿಗೆ ಹೇಳಿಸಿ. ಅದು ತಾನಾಗೇ ತಲೆ ಅಲ್ಲಾಡಿಸತ್ತೆ, ಆಮೇಲೆ ಆ ಪದದ ಮೊದಲ ಅಕ್ಷರ ನೋಡತ್ತೆ, ಜಿ ಇದೆ, ಗೋಟ್! ಕಿವಿ ಒಂದು ಉತ್ತರ ಕೊಡತ್ತೆ, ಕಣ್ಣು ಅದನ್ನ ಚೆಕ್ ಮಾಡತ್ತೆ.

ಆಮೇಲೆ ಸ್ವಲ್ಪ ಕಷ್ಟದ್ದು. ಒಂದು ಕಡೆ ಕಾರ್ ಅನ್ನೋದಕ್ಕೆ ಆರ್ ಪ್ರಾಸ, ಎ-ಆರ್-ಇ ಅಂತ ಬರೆಯೋ ಆರ್. ಸ್ಪೆಲ್ಲಿಂಗ್ ನೋಡಿದ್ರೆ ಕೊನೇಲಿ ಯಾಕೆ ಇ ಇದೆ ಅಂತ ದೊಡ್ಡವರಿಗೂ ಹೇಳೋಕಾಗಲ್ಲ, ಆದ್ರೆ ಪ್ರಾಸ ಇರೋದ್ರಿಂದ ಮಗು ತಾನಾಗೇ ಆರ್ ಅಂತ ಓದತ್ತೆ. ಹಾಗೇ ಹಿಯರ್, ದೇರ್ ಎರಡೂ ಕೊನೇಲಿ ಒಂದೇ ನಾಲ್ಕು ಅಕ್ಷರ, ಓದೋದು ಬೇರೆ ಬೇರೆ, ದೇರ್ ಮುಂದೆ ಎನಿವೇರ್ ಬಂದು ಕೂತಾಗ ಯಾವುದನ್ನ ಹೇಗೆ ಓದ್ಬೇಕು ಅಂತ ಗೊತ್ತಾಗ್ಬಿಡತ್ತೆ. ಇಂಗ್ಲಿಷ್ ಸ್ಪೆಲ್ಲಿಂಗಿನ ಇಂಥ ಕಾಟಗಳಿಗೆ ನಿಯಮ ಹೇಳಿ ಪ್ರಯೋಜನ ಇಲ್ಲ, ಪ್ರಾಸದಲ್ಲೇ ಕಿವಿಗೆ ಹಾಕ್ಬಿಡೋದು ಸುಲಭ.

ಉದ್ದ ಪುಟಗಳು ಬಂದಾಗ

ಪುಸ್ತಕದ ಅರ್ಧ ದಾಟಿದ ಮೇಲೆ ಟೋಪಿಯವನು ಬೇಡ ಅಂದ ಜಾಗಗಳನ್ನೆಲ್ಲಾ ಒಟ್ಟು ಸೇರಿಸಿ ಹೇಳೋಕೆ ಶುರು ಮಾಡ್ತಾನೆ, ಮಳೇಲಿ ಬೇಡ, ಕತ್ತಲೇಲಿ ಬೇಡ, ರೈಲಲ್ಲಿ ಬೇಡ ಅಂತ ಪುಟ ತುಂಬ ಸಾಲುಗಳು. ಮಗು ಆ ಪುಟ ನೋಡಿ ಹೆದರತ್ತೆ. ಒಂದು ಮದುವೆ ಕಾರ್ಡೋ ಏನೋ ದಪ್ಪ ಕಾಗದ ತಗೊಂಡು ಕೆಳಗಿನ ಸಾಲುಗಳನ್ನ ಮುಚ್ಚಿ, ಒಂದೊಂದೇ ಸಾಲು ತೆಗೀತಾ ಹೋಗಿ. ಮುಂದೆ ಹೋಗ್ತಾ ಮಗೂಗೇ ಗೊತ್ತಾಗತ್ತೆ ಇದರಲ್ಲಿ ಹೊಸದು ಏನೂ ಇಲ್ಲ ಅಂತ, ಆಗ ಕಾರ್ಡ್ ಕಿತ್ತು ಬಿಸಾಕಿ ಬಡಬಡ ಅಂತ ಓದತ್ತೆ.

ಬಾಯಿಪಾಠನಾ ಓದಾ, ಪತ್ತೆ ಮಾಡಿ

ಒಂದು ವಾರ ಹತ್ತು ದಿನ ಹೀಗೆ ಓದಿದ್ರೆ ಮಗು ಇಡೀ ಪುಸ್ತಕ ಒಪ್ಪಿಸತ್ತೆ, ನೀವು ಖುಷಿಯಾಗಿ ವಿಡಿಯೋ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕ್ತೀರ, ಹಾಕಿ, ಆದ್ರೆ ಅದರಲ್ಲಿ ಮುಕ್ಕಾಲು ಪಾಲು ನೆನಪು ಅನ್ನೋದು ಗೊತ್ತಿರ್ಲಿ. ನೆನಪಿಂದ ಹೇಳೋದು ಕೆಟ್ಟದ್ದಲ್ಲ, ಅದು ಮೊದಲ ಮೆಟ್ಟಿಲು, ಅಲ್ಲೇ ನಿಂತ್ರೆ ಮಾತ್ರ ಕಷ್ಟ. ಪುಟದ ಮಧ್ಯ ಎಲ್ಲೋ ಒಂದು ಪದದ ಮೇಲೆ ಬೆರಳಿಟ್ಟು ಇದೇನು ಅಂತ ಕೇಳಿ. ಮೊದಲಿಂದ ಸಾಲು ಹೇಳ್ಕೊಂಡು ಬಂದು ಆ ಪದಕ್ಕೆ ಬಂದ್ರೆ ಇನ್ನೂ ಬಾಯಿಪಾಠ, ನೇರ ಹೇಳಿದ್ರೆ ಓದು.

ಇಲ್ಲಿಂದ ಚೀಟಿ ಆಟ. ಐವತ್ತೂ ಪದಗಳನ್ನ ದಪ್ಪಕ್ಷರದಲ್ಲಿ ಐವತ್ತು ಚೀಟಿ ಮೇಲೆ ಬರೀರಿ, ಮಗು ಜೊತೆ ಕೂತು ಪುಸ್ತಕದಿಂದ ಹುಡುಕಿ ಬರೆದ್ರೆ ಇನ್ನೂ ಒಳ್ಳೇದು, ಐವತ್ತು ನಿಜಾನಾ ಅಂತ ಎಣಿಸೋದೇ ಒಂದು ಮಜಾ. ಚೀಟಿಗಳನ್ನ ಮೂರು ಗುಡ್ಡೆ ಮಾಡಿ.

ಮೊದಲನೇ ಗುಡ್ಡೆ ಸೀದಾ ಶಬ್ದ ಕೂಡಿಸಿದ್ರೆ ಬರೋವು: ಆಮ್, ಸ್ಯಾಮ್, ಹ್ಯಾಮ್, ಬಾಕ್ಸ್, ಫಾಕ್ಸ್, ಇನ್, ಆನ್, ಇಫ್, ನಾಟ್, ಲೆಟ್, ಅಂಡ್, ವಿತ್ ಇಂಥವು. ಸ್ಕೂಲಲ್ಲಿ ಬಿ-ಓ-ಎಕ್ಸ್ ಬಾಕ್ಸ್ ಅಂತ ಅಕ್ಷರದ ಹೆಸರು ಹೇಳಿಸಿರ್ತಾರೆ, ಬಿ ಓ ಎಕ್ಸ್ ಸೇರಿದ್ರೆ ಬಾಕ್ಸ್ ಹೇಗಾಗತ್ತೆ ಹೇಳಿ ನೋಡೋಣ, ಆಗೋದೇ ಇಲ್ಲ. ಅಕ್ಷರದ ಹೆಸರು ಬಿಟ್ಟು ಶಬ್ದ ಹೇಳಿಸಿ, ಅದೂ ಬ ಅಂತಲ್ಲ, ಬ್ ಅಂತ. ಇದರಲ್ಲಿ ಕನ್ನಡ ಬರೋ ಮಕ್ಕಳಿಗೆ ಒಂದು ದೊಡ್ಡ ಅನುಕೂಲ ಇದೆ, ನಮ್ಮಲ್ಲಿ ಅರ್ಧಾಕ್ಷರ ಇದೆ, ಬ್ ಬೇರೆ ಬ ಬೇರೆ ಅಂತ ಬರವಣಿಗೇಲೇ ಕಾಣತ್ತೆ. ಬ್, ಆ, ಕ್ಸ್ ಅಂತ ಹೇಳಿ ಕೂಡಿಸಿದ್ರೆ ಬಾಕ್ಸ್ ತಾನಾಗೇ ಬೀಳತ್ತೆ. ಎಕ್ಸ್ ಒಂದೇ ಅಕ್ಷರದಲ್ಲಿ ಕ್ ಮತ್ತೆ ಸ್ ಎರಡೂ ಅಡಗಿ ಕೂತಿರೋದನ್ನ ಒಂದ್ಸಲ ತೋರಿಸಿ ಸಾಕು. ಕನ್ನಡ ಅಕ್ಷರಮಾಲೆ ಬರದ ಮಗು ಆದ್ರೆ ತೊಂದರೆ ಇಲ್ಲ, ಬಾಯಲ್ಲಿ ಹೇಳಿಸಿದ್ರೆ ಆಯ್ತು.

ಎರಡನೇ ಗುಡ್ಡೆ ಎರಡು ಅಕ್ಷರ ಸೇರಿ ಒಂದು ಸ್ವರ ಆಗೋವು: ರೈನ್-ಟ್ರೈನ್, ಬೋಟ್-ಗೋಟ್, ಸೀ-ಟ್ರೀ-ಗ್ರೀನ್, ಹೌಸ್-ಮೌಸ್, ಮೇ-ಸೇ. ಇವನ್ನ ಜೋಡಿ ಜೋಡಿಯಾಗೇ ಇಡಿ, ಒಂದರ ಮೇಲೊಂದು ಇಟ್ರೆ ಕೊನೇ ಭಾಗ ಒಂದೇ ಥರ ಇರೋದು ಕಣ್ಣಿಗೇ ಹೊಡೆಯತ್ತೆ. ಮೊದಲಕ್ಷರ ಮಾತ್ರ ಬದಲಾಯಿಸಿ ಪುಸ್ತಕದಲ್ಲಿಲ್ಲದ ಪದ ಮಾಡ್ಸಿ, ರೈನ್ ಇಂದ ಪೈನ್ (ನೋವು), ಬೋಟ್ ಇಂದ ಕೋಟ್. ಮಗು ಮೊದಲ ಸಲ ಕಂಡೇ ಇಲ್ಲದ ಪದ ಓದಿದ್ರೆ ಆ ದಿನ ಪಾಯಸ ಮಾಡಬಹುದು.

ಮೂರನೇದು ಮೊಂಡರ ಗುಡ್ಡೆ. ವುಡ್, ಕುಡ್, ದೆ, ದೇರ್, ಆರ್, ಯು, ಡು ಇತ್ಯಾದಿ. ವುಡ್ ಅಲ್ಲಿರೋ ಎಲ್ ಯಾಕೆ ಮಾತಾಡಲ್ಲ ಅಂತ ಕೇಳಿದ್ರೆ ಅದು ಹಾಗೇ ಅನ್ನಿ. ಇವನ್ನ ನೋಡಿ ನೋಡಿ ಮುಖ ಪರಿಚಯ ಮಾಡ್ಕೋಬೇಕು ಅಷ್ಟೇ, ದಿನಕ್ಕೆ ಎರಡು ಮೂರು ಸಾಕು. ಪುಸ್ತಕದಲ್ಲಿ ವುಡ್ ಕುಡ್ ಅದೆಷ್ಟು ಸಲ ಬರತ್ತೆ ಅಂದ್ರೆ ಇವೆರಡಕ್ಕಂತೂ ಚೀಟಿ ಬೇಕಾಗೋದೂ ಅನುಮಾನ.

ಮೂರೂ ಗುಡ್ಡೆ ಒಂದು ಮಟ್ಟಕ್ಕೆ ಬಂದ್ಮೇಲೆ ಚೀಟಿ ಕಲೆಸಿ, ಹೊಸ ವಾಕ್ಯ ಕಟ್ಟಿಸಿ. ಇಲಿ ಕಾರಲ್ಲಿರಬಹುದು, ಮೇಕೆ ಮರದಲ್ಲಿರಬಹುದು, ನರಿ ಮೊಟ್ಟೆ ತಿನ್ನಬಹುದು, ಪುಸ್ತಕದಲ್ಲಿ ಇಲ್ಲದ್ದು ಎಷ್ಟು ಬೇಕಾದ್ರೂ ಆಗತ್ತೆ. ಬಾಯಿಪಾಠದ ಸಹಾಯ ಇಲ್ದೇ ಓದ್ತಿದೆ ಅನ್ನೋದು ಇಲ್ಲಿ ಖಾತ್ರಿಯಾಗತ್ತೆ.

ಪಾತ್ರ ಹಂಚ್ಕೊಂಡು ಓದಿ

ಈ ಪುಸ್ತಕ ಪೂರ್ತಿ ಇಬ್ಬರ ಮಾತುಕತೆ. ಸ್ಯಾಮ್ ಮಾತು ಕಮ್ಮಿ ಮತ್ತೆ ಎಲ್ಲಾ ಪ್ರಶ್ನೆ, ಟೋಪಿಯವನದ್ದು ಉದ್ದ ಮತ್ತೆ ಎಲ್ಲಾ ಬೇಡ. ಮೊದಲು ಮಗೂಗೆ ಸ್ಯಾಮ್ ಕೊಡಿ, ದೊಡ್ಡವರ ಹಿಂದೆ ಬಿದ್ದು ಪೀಡಿಸೋ ಪಾರ್ಟು ಯಾವ ಮಗು ತಾನೇ ಬಿಡತ್ತೆ. ನೀವು ನಿಜವಾಗ್ಲೂ ಸಿಟ್ಟು ಬಂದವರ ಹಾಗೆ ಓದಿ, ಸಿಟ್ಟು ಪುಟದಿಂದ ಪುಟಕ್ಕೆ ಏರ್ಬೇಕು, ಕೊನೇಲಿ ನೀರಲ್ಲಿ ನಿಂತು ಸುಸ್ತಾಗಿ ಸರಿ ಕೊಡಪ್ಪ ಅನ್ನೋ ಹಾಗೆ. ಆಮೇಲೆ ಅದಲುಬದಲು.

ಅಮೆರಿಕದಲ್ಲಿ, ಬೇರೆ ದೇಶಗಳಲ್ಲಿ ಮೊಮ್ಮಕ್ಕಳಿರೋ ಅಜ್ಜಿ ತಾತಂದಿರಿಗೆ ಇದು ಹೇಳಿ ಮಾಡಿಸಿದ ಪುಸ್ತಕ. ಅಲ್ಲಿ ಮಾರ್ಚ್ 2, ಸ್ಯೂಸ್ ಹುಟ್ಟಿದ ದಿನದ ಆಸುಪಾಸು ಶಾಲೆಗಳಲ್ಲಿ ಓದೋ ಹಬ್ಬ ಮಾಡೋದು 1998ರಿಂದ ಬಂದಿದೆ, ಮಗೂಗೆ ಪುಸ್ತಕ ಗೊತ್ತಿರೋ ಚಾನ್ಸೇ ಜಾಸ್ತಿ. ವಿಡಿಯೋ ಕಾಲಲ್ಲಿ 'ಊಟ ಆಯ್ತಾ, ಸ್ಕೂಲಿಗೆ ಹೋಗಿದ್ಯಾ' ಆದ್ಮೇಲೆ ಮಾತು ಮುಗಿದು ಹೋಗಿ ಇಬ್ಬರೂ ಸುಮ್ನೆ ಕೂತಿರ್ತಾರಲ್ಲ, ಅಲ್ಲಿ ಒಂದು ಪ್ರತಿ ದಾವಣಗೆರೇಲಿ ಒಂದು ಪ್ರತಿ ಇಟ್ಕೊಂಡು ಪಾತ್ರ ಹಂಚ್ಕೊಂಡು ಓದಿದ್ರೆ ಕಾಲು ಗಂಟೆ ಹೋಗಿದ್ದೇ ಗೊತ್ತಾಗಲ್ಲ. ಐವತ್ತು ಪದ ಅಷ್ಟೇ ಆದ್ದರಿಂದ ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜೀನೂ ಟೋಪಿಯವನ ಪಾತ್ರ ಮಾಡಬಹುದು, ತಪ್ಪಿದ್ರೆ ಮೊಮ್ಮಗು ತಿದ್ದತ್ತೆ, ತಿದ್ದೋಕೆ ಅದು ಓದಲೇಬೇಕು.

ಊಟದ ಪಾಠ ಮಾಡಬೇಡಿ

ಕೊನೇಲಿ ಅವನು ತಿಂದು ನೋಡ್ತಾನೆ, ಇಷ್ಟಾನೂ ಆಗತ್ತೆ. ತಕ್ಷಣ ನಮ್ಮ ಬಾಯಿಗೆ ಬರೋದು 'ನೋಡಿದ್ಯಾ, ನೀನೂ ಹಾಗಲಕಾಯಿ ತಿಂದು ನೋಡು' ಅಂತ. ಬೇಡ ಅಂತೀನಿ ನಾನು. ಮಗೂಗೆ ಅಲ್ಲಿಗೆ ಪುಸ್ತಕ ಅಂದ್ರೆ ಬುದ್ಧಿವಾದ ಅನ್ನೋದು ಗೊತ್ತಾಗ್ಬಿಡತ್ತೆ. ಮಗು ತಾನಾಗೇ ಉಪ್ಪಿಟ್ಟಿನ ತಟ್ಟೆ ಮುಂದೆ ಟೋಪಿಯವನ ಡೈಲಾಗ್ ಹೊಡೆದು ನಿರಾಕರಿಸೋದಂತೂ ಗ್ಯಾರಂಟಿ, ಅದಕ್ಕೆ ನಕ್ಕು ಸುಮ್ನಾಗಿ. ಹಸಿರು ಮೊಟ್ಟೆ ಮಾಡಿ ಕೊಡು ಅಂತ ಹಠ ಹಿಡಿದ್ರೆ ಪಾಲಕ್ ರುಬ್ಬಿ ಆಮ್ಲೆಟ್ ಹಿಟ್ಟಿಗೆ ಹಾಕಿದ್ರಾಯ್ತು, ಮೊಟ್ಟೆ ತಿನ್ನದವರ ಮನೇಲಿ ಅದೇ ಪಾಲಕನ್ನ ದೋಸೆ ಹಿಟ್ಟಿಗೆ.

ಆಮೇಲೆ ಕನ್ನಡದಲ್ಲಿ ನೀವೇ ಒಂದು ಬರೀರಿ

ಚೀಟಿ ಆಟ ಮುಗಿದ ಮಕ್ಕಳಿಗೆ ಈ ಕೆಲಸ ತುಂಬಾ ಹಿಡಿಸತ್ತೆ, ಮತ್ತೆ ಕನ್ನಡ ಓದೂ ಜೊತೆಗೇ ಬರತ್ತೆ. ಇಪ್ಪತ್ತು ಪದ ಮೀರಬಾರದು ಅಂತ ಪಂದ್ಯ ಕಟ್ಟಿ. ಶುರು ಮಾಡಿದ್ರೆ ಒಂದು ತೊಡಕು ತಕ್ಷಣ ಸಿಗತ್ತೆ: ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟ್ಕೊಳತ್ತೆ, ಮನೆ, ಮನೇಲಿ, ಮನೆಗೆ, ಮನೆಯಿಂದ ಎಲ್ಲಾ ಬೇರೆ ಬೇರೆ ಪದ ಆಗಿ ಲೆಕ್ಕ ಏರ್ತಾ ಹೋಗತ್ತೆ. ಇನ್ನೊಂದು, ಎಲ್ಲಾ ಸಾಲನ್ನೂ ಅಲ್ಲಿ, ಅಲ್ಲಿ ಅಂತ ಮುಗಿಸಿದ್ರೆ ಅಂತ್ಯಪ್ರಾಸ ಬಿಟ್ಟಿ ಸಿಗತ್ತೆ, ಬಿಟ್ಟಿ ಸಿಕ್ಕಿದ್ದಕ್ಕೆ ಮಜಾ ಇಲ್ಲ. ಅದಕ್ಕೆ ನಮ್ಮ ಹಳೇ ಕವಿಗಳ ಉಪಾಯಾನೇ ಸರಿ, ಎರಡನೇ ಅಕ್ಷರದ ಪ್ರಾಸ. ಮೇಲೆ, ಹಿಂದೆ, ಒಳಗೆ ಅಂಥ ಪದಗಳನ್ನ ಮತ್ತೆ ಮತ್ತೆ ಬಳಸಿ ಲೆಕ್ಕ ಉಳಿಸಿ. ಉದಾಹರಣೆಗೆ ಕನ್ನಡಕ ಕಳ್ಕೊಂಡ ಅಜ್ಜಿ ಮತ್ತೆ ಮೊಮ್ಮಗು:

ಅಜ್ಜಿ ಅಜ್ಜಿ, ಕನ್ನಡಕ?
ಅಟ್ಟದ ಮೇಲೆ ನೋಡಿದ್ಯಾ?
ತೊಟ್ಟಿಲ ಒಳಗೆ ನೋಡಿದ್ಯಾ?
ಏಣಿ ಹಿಂದೆ ನೋಡಿದ್ಯಾ?
ಗೋಣಿ ಹಿಂದೆ ನೋಡಿದ್ಯಾ?
ಇಲ್ಲ ಪುಟ್ಟಾ, ಇಲ್ಲ ಇಲ್ಲ!

ಅಟ್ಟ-ತೊಟ್ಟಿಲು, ಏಣಿ-ಗೋಣಿ. ಇಲ್ಲಿಗೆ ಹನ್ನೆರಡು ಪದ ಆಯ್ತು, ಕನ್ನಡಕ ಅಜ್ಜಿ ತಲೆ ಮೇಲೇ ಇದೆ ಅಂತ ಮುಗಿಸೋಕೆ ಎಂಟು ಉಳಿದಿದೆ. ನಾಲ್ಕು ಹಾಳೆ ಮಡಚಿ ಪಿನ್ ಹೊಡೆದು ಒಂದೊಂದು ಪುಟಕ್ಕೆ ಒಂದೊಂದು ಸಾಲು, ಚಿತ್ರ ಮಗೂದು. ಚಿತ್ರ ಹೇಗೇ ಇರ್ಲಿ, ಏಣಿ ಇರೋ ಪುಟದಲ್ಲಿ ಏಣಿ ಕಾಣ್ಬೇಕು, ಓದೋವಾಗ ಅದು ಸಹಾಯಕ್ಕೆ ಬರತ್ತೆ.

ಮುಂದಿನ ಪುಸ್ತಕ

ಐವತ್ತು ಪದ ಸುಲಭ ಆದ್ಮೇಲೆ 236 ಪದದ ಬೆಕ್ಕಿನ ಪುಸ್ತಕಕ್ಕೆ ಹೋಗಬಹುದು, ಆದ್ರೆ ಅದು ದೊಡ್ಡ ಜಿಗಿತ, ಪದ ನಾಲ್ಕೂವರೆ ಪಟ್ಟಿಗೂ ಜಾಸ್ತಿ, ಒಂದೊಂದು ಪದ ತಿರುಗಿ ಬರೋದೂ ಕಮ್ಮಿ. ಮಧ್ಯ ಒಂದು ಮೆಟ್ಟಿಲು ಬೇಕು ಅನ್ನಿಸಿದ್ರೆ, ಅಥವಾ ಇದೇ ಪುಸ್ತಕ ಕಷ್ಟ ಆಗ್ತಿದೆ ಅನ್ನಿಸಿದ್ರೆ, ಅವರದ್ದೇ 1963ರ 'ಹಾಪ್ ಆನ್ ಪಾಪ್' ನೋಡಿ, ಅದರಲ್ಲಿ ಕಥೆ ಇಲ್ಲ, ಪ್ರಾಸದ ಪದಗಳನ್ನ ಜೋಡಿ ಜೋಡಿಯಾಗಿ ಇಟ್ಟು ಪುಟ್ಟ ಪುಟ್ಟ ವಾಕ್ಯ ಮಾಡಿದಾರೆ. ಕನ್ನಡದಲ್ಲಿ ಇದೇ ಹಂತಕ್ಕೆ ಬೇಕಾದ್ರೆ ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಇದೆ, ಪುಕ್ಕಟೆ. ಭಾಷೆ ಕನ್ನಡ, ಹಂತ ಒಂದು ಅಂತ ಆರಿಸಿದ್ರೆ ಪುಟಕ್ಕೆ ಒಂದೆರಡು ಸಾಲಿನ ಚಿತ್ರಕಥೆಗಳು ಬರತ್ತೆ, ಡೌನ್‌ಲೋಡ್ ಮಾಡಿ ಪ್ರಿಂಟ್ ಹಾಕ್ಸಿ, ಬೆರಳಿಟ್ಟು ಓದೋಕೆ ಕಾಗದ ಬೇಕಲ್ಲ.